ಮೂರು ಕಣ್ಣಿನ ಪೂಲು

ನಮ್ಮ ಪಕ್ಕದ ಮನೆಯವರು ಮೊನ್ನೆ ಹಿತ್ತಲ ಗೋಡೆಗೆ ಸುಣ್ಣ ಬಳಿಸಿದರು. ಭಾಗ್ಯನಗರದ ನಮ್ಮ ಓಣಿಯಲ್ಲಿ ಈಗ ಸುಣ್ಣ ಬಳಿಸುವವರೇ ಇಲ್ಲ. ಎಲ್ಲರದೂ ಡಬ್ಬಿಯ ಬಣ್ಣ, ಅದೂ ಹಾದಿಯಲ್ಲಿ ಹೋಗುವವರ ಕಣ್ಣು ಕುಕ್ಕುವಂಥದ್ದು. ಈ ಪುಣ್ಯಾತ್ಮರು ಮಾತ್ರ ಎಲ್ಲಿಂದಲೋ ಸುಣ್ಣದ ಕಲ್ಲು ತಂದು, ಹಳೆಯ ಡ್ರಮ್ಮಿಗೆ ಹಾಕಿ, ಮೇಲೆ ನೀರು ಸುರಿದರು. ಕಲ್ಲು ಬುಸುಗುಟ್ಟುತ್ತ ಒಡೆದು ಅರಳತೊಡಗಿತು. ಆ ಬಿಸಿ ವಾಸನೆ ಕಂಪೌಂಡು ದಾಟಿ, ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಲ್ಲಿಗೆ ಬಂತು. ನಿಮಗೆ ಈ ವಾಸನೆಯಿಂದ ಹಬ್ಬಕ್ಕೆ ಮುಂಚಿನ ಮನೆ ನೆನಪಾಗಬಹುದು. ನನಗೆ ನೆನಪಾದದ್ದು ಒಂದು ಸೇತುವೆ, ಅದಕ್ಕೆ ಕೈ ಹಚ್ಚಿದ ಒಬ್ಬ ಮನುಷ್ಯ, ಮತ್ತು ಅವರಿಗೆ ನಾನು ಕೊಟ್ಟು ಎರಡು ವರ್ಷವಾದರೂ ಉಳಿಸಿಕೊಳ್ಳದ ಒಂದು ಮಾತು. ಚಹಾ ತಣ್ಣಗಾಯಿತು. ಅದಕ್ಕೂ ಹೆಂಡತಿಯಿಂದ ಎರಡು ಮಾತು ಕೇಳಬೇಕಾಯಿತು.

ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಡ್ರಾಯಿಂಗ್ ಮಾಸ್ತರ ಎಂದರೆ ಗಣಿತದ ಮಾಸ್ತರರು ರಜೆ ಹಾಕಿದ ದಿನ ಆ ತರಗತಿ ಗಲಾಟೆ ಮಾಡದಂತೆ ಕಾಯುವವನು ಎಂದು ಎಲ್ಲ ಹೆಡ್‌ಮಾಸ್ತರರೂ ತಿಳಿದಿದ್ದರು. ನಾನು ಮಕ್ಕಳಿಗೆ ವರ್ಷ ವರ್ಷವೂ ಸೇತುವೆ ಬರೆಸುತ್ತಿದ್ದೆ. ಅವರು ಕಾಮನಬಿಲ್ಲಿನಂಥ ಒಂದು ಗೆರೆ ಎಳೆದು, ಮೇಲೊಂದು ಬಸ್ಸು, ಕೆಳಗೊಂದು ಮೀನು ಬರೆದು, ಮೀನನ್ನು ಬಸ್ಸಿಗಿಂತ ದೊಡ್ಡದು ಮಾಡಿ ತಂದು ತೋರಿಸುತ್ತಿದ್ದರು. ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕಿ ಕಳಿಸುತ್ತಿದ್ದೆ. ನಾನೂ ಒಂದು ಸೇತುವೆಯನ್ನು ಸರಿಯಾಗಿ ನೋಡಿದವನಲ್ಲ ಎಂಬುದು ನಿವೃತ್ತನಾಗಿ ಕ್ಯಾಮೆರಾ ಕೊಂಡ ಮೇಲೆ ಗೊತ್ತಾಯಿತು.

ಕ್ಯಾಮೆರಾ ಕೊಂಡವರು ಮೊದಲು ಹಕ್ಕಿಗಳ ಬೆನ್ನು ಹತ್ತುತ್ತಾರೆ. ನಾನೂ ಹತ್ತಿದೆ. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಹಕ್ಕಿ ಪಕ್ಕದ ತಾಲ್ಲೂಕಿಗೆ ಹೋಗಿರುತ್ತಿತ್ತು. ಮನುಷ್ಯರನ್ನು ಹಿಡಿಯೋಣವೆಂದರೆ ಕ್ಯಾಮೆರಾ ಕಂಡ ಕೂಡಲೇ ಪೊಲೀಸರ ಮುಂದೆ ನಿಂತವರಂತೆ ಬಿಗಿದುಕೊಳ್ಳುತ್ತಾರೆ. ಸೇತುವೆ ಮಾತ್ರ ನಾನು ಮೂರು ಕಾಲಿನ ಸ್ಟ್ಯಾಂಡ್ ಬಿಚ್ಚಿ, ಅದರ ತಿರುಪು ಎಲ್ಲೋ ಬೀಳಿಸಿ, ಹುಡುಕಿ, ಮತ್ತೆ ತಿರುಗಿಸುವವರೆಗೂ ನಿಂತಲ್ಲೇ ನಿಂತು ಕಾಯುತ್ತಿತ್ತು. ನನ್ನ ವಯಸ್ಸಿಗೆ ತಕ್ಕ ಸಂಗಾತಿ ಸಿಕ್ಕಿತು ಎಂದುಕೊಂಡೆ. ಆಮೇಲೆ ಕುಷ್ಟಗಿಯ ಹೆದ್ದಾರಿಯ ಸೇತುವೆಯನ್ನೂ ಬಿಡಲಿಲ್ಲ, ಯಲಬುರ್ಗಾ ದಾರಿಯ ಒಣ ಹಳ್ಳದ ಮೋರಿಯನ್ನೂ ಬಿಡಲಿಲ್ಲ.

ಒಂದು ವಿಷಯ ಗಮನಿಸಿದ್ದೀರಾ? ಸೇತುವೆಯ ಮೇಲೆ ಹೋಗುವವರಿಗೆ ಸೇತುವೆ ಕಾಣುವುದಿಲ್ಲ. ನೀರು ಕಾಣುತ್ತದೆ, ಆಚೆ ದಂಡೆ ಕಾಣುತ್ತದೆ, ಎದುರಿನ ಲಾರಿಯಂತೂ ಚೆನ್ನಾಗಿ ಕಾಣುತ್ತದೆ. ಸೇತುವೆ ಕಾಣಬೇಕಾದರೆ ದಾರಿ ಬಿಟ್ಟು ಮುಳ್ಳುಕಂಟಿಯಲ್ಲಿ ಕಾಲಿಟ್ಟು ಕೆಳಗೆ ಇಳಿಯಬೇಕು. ಅದೂ ಮುಸ್ಸಂಜೆಯಲ್ಲಿ ಇಳಿಯಬೇಕು ಎಂಬುದು ನನ್ನ ಹಟ. ಹೊತ್ತು ಮುಳುಗಿ ಕತ್ತಲಾಗುವುದರೊಳಗೆ ಅರ್ಧ ತಾಸು ಇರುತ್ತದಲ್ಲ, ಆಗ ಕಲ್ಲಿನ ಮೇಲಿನ ಹೊಲಸು, ಪೋಸ್ಟರು, ಎಲೆ ಅಡಿಕೆಯ ಉಗುಳು ಎಲ್ಲ ಅಳಿಸಿಹೋಗಿ ಬರಿಯ ಆಕಾರ ಉಳಿಯುತ್ತದೆ. ಕಟ್ಟಿದವನು ಮನಸ್ಸಿನಲ್ಲಿ ಮೊದಲು ಕಂಡದ್ದು ಆ ಆಕಾರವನ್ನೇ ಇರಬೇಕು.

ನಾನು ಮೊದಲ ಸಲ ಬೆರಗಾಗಿ ನಿಂತದ್ದು ಆನೆಗೊಂದಿಯಲ್ಲಿ. ಬಾಳೆಯ ತೋಟ ದಾಟಿ ಹೊಳೆಯ ದಂಡೆಗೆ ಇಳಿದರೆ ನೀರಿನ ನಡುವೆ ಹಳೆಯ ಸೇತುವೆಯ ಕಲ್ಲುಕಂಬಗಳು ಸಾಲು ಸಾಲಾಗಿ ನಿಂತಿವೆ. ಮೇಲೆ ಹಾಸಿದ್ದೆಲ್ಲ ಯಾವ ಕಾಲಕ್ಕೋ ಹೋಗಿದೆ. ದಾಟುವವರಿಲ್ಲ, ಹೊರಬೇಕಾದ ಭಾರವಿಲ್ಲ. ಆದರೂ ಕಂಬಗಳು ನಿಂತೇ ಇವೆ. ಗುಂಡುಕಲ್ಲಿನ ಗುಡ್ಡಗಳ ಹಿಂದೆ ಸೂರ್ಯ ಇಳಿದ ಮೇಲೆ ಒಂದು ಗಳಿಗೆ ನೀರೇ ಬೆಳಕಾಗಿ, ಕಂಬಗಳು ಅದರಲ್ಲಿ ಕಪ್ಪಗೆ ಎದ್ದವು. ಕಲ್ಲು ಸೀಳಲು ಉಳಿಯಿಂದ ಹೊಡೆದ ಚಚ್ಚೌಕ ತೂತುಗಳು ಅಂಚಿನಲ್ಲಿ ಹಾಗೇ ಇದ್ದವು. ಇವುಗಳ ಮೇಲೆ ಎಷ್ಟು ಮಳೆಗಾಲ, ಎಷ್ಟು ಮಹಾಪೂರ ಹರಿದು ಹೋಗಿದೆಯೋ ಎಂದು ಯೋಚಿಸುತ್ತ ಕತ್ತಲಾಗುವವರೆಗೂ ಅಲ್ಲೇ ಉಳಿದೆ. ಆ ಸಂಜೆ ತೆಗೆದ ಚಿತ್ರ ಒಂದೂ ಸರಿಬರಲಿಲ್ಲ, ಬಾಯಿ ಕಳೆದುಕೊಂಡು ನಿಂತವನು ಸ್ಟ್ಯಾಂಡನ್ನು ಎಡವಿಬಿಟ್ಟಿದ್ದೆ.

ಹಳೆಯದಕ್ಕೆ ಮಾತ್ರ ಮಾರುಹೋದೆ ಎಂದುಕೊಳ್ಳಬೇಡಿ. ಅದೇ ಹೊಳೆಗೆ ಕಡೆಬಾಗಿಲಿನ ಹತ್ತಿರ ಹಾಕಿರುವ ಹೊಸ ಸೇತುವೆಯ ಕೆಳಗೂ ಒಂದು ಸಂಜೆ ಇಳಿದಿದ್ದೆ. ಅದರ ಒಂದೊಂದು ಕಾಲೂ ನಮ್ಮ ಮನೆಗಿಂತ ಎತ್ತರ. ಒಂದು ಕಾಲಿಗೆ ಅಂಗೈ ಹಚ್ಚಿ ನಿಂತೆ. ಮೇಲೆ ಬಸ್ಸು ಹೋಯಿತು, ನನಗೆ ಅದು ಕಾಣಲಿಲ್ಲ, ಆದರೆ ಅದರ ಓಟ ಕಾಂಕ್ರೀಟಿನೊಳಗಿಂದ ಇಳಿದು ನನ್ನ ಅಂಗೈಯಲ್ಲಿ ಸಣ್ಣಗೆ ನಡುಗಿತು. ಬಸ್ಸಿನಲ್ಲಿ ತೂಕಡಿಸುತ್ತಿದ್ದ ಐವತ್ತು ಜನರನ್ನು ಆ ಕ್ಷಣ ನಾನೂ ಒಂದು ಕೈ ಹಚ್ಚಿ ಹೊತ್ತಂತೆ ಅನಿಸಿ ಮೈ ಜುಮ್ಮೆಂದಿತು. ಕ್ಯಾಮೆರಾದ ಕಣ್ಣನ್ನು ಅರ್ಧ ನಿಮಿಷ ತೆರೆದಿಟ್ಟರೆ ಗಾಡಿಗಳ ದೀಪ ಒಂದು ಉದ್ದನೆಯ ಗೆರೆಯಾಗಿ ಬರುತ್ತದೆ, ಗಾಡಿಯೂ ಇಲ್ಲ, ಮನುಷ್ಯರೂ ಇಲ್ಲ. ಆ ಚಿತ್ರವನ್ನು ಮನೆಯಲ್ಲಿ ಹೆಮ್ಮೆಯಿಂದ ತೋರಿಸಿದೆ. ಹೆಂಡತಿ ಕೈಯಲ್ಲಿದ್ದ ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ನೋಡಿದಳು.

“ಎಲ್ಲಾ ಛಲೋ ಅದಾವ. ಊರಾಗ ಮಂದಿ ಎಲ್ಲಿ ಹೋದ್ರು?” ಎಂದಳು.

ಆ ಮಾತಿಗೆ ನನಗೆ ಸಿಟ್ಟು ಬಂತು. ಮನುಷ್ಯರು ಬಂದರೆ ಚಿತ್ರ ಕೆಡುತ್ತದೆ ಎಂಬುದು ಆಗ ನನ್ನ ಸಿದ್ಧಾಂತವಾಗಿತ್ತು. ಯಾರಾದರೂ ಸೇತುವೆಯ ಮೇಲೆ ಬಂದರೆ ಅವರು ಹೋಗುವವರೆಗೂ ಹಲ್ಲು ಕಚ್ಚಿ ಕಾಯುತ್ತಿದ್ದೆ.

ಇನ್ನೊಂದು ಕೆಟ್ಟ ಚಾಳಿಯನ್ನೂ ಒಪ್ಪಿಕೊಂಡುಬಿಡುತ್ತೇನೆ. ಕ್ಯಾಮೆರಾ ಹಿಡಿದವರ ಸಂಗದಲ್ಲಿ ನಾಲಿಗೆ ಸೋಮಾರಿಯಾಗುತ್ತದೆ. ‘ಫೋಟೊ’ ಎನ್ನುವ ಮಾತನ್ನು ನುಂಗಿಬಿಡುತ್ತೇವೆ. ನಿನ್ನೆ ಗುಡಿ ತೆಗೆದೆ, ಮೊನ್ನೆ ಗುಡ್ಡ ತೆಗೆದೆ, ಬರುವ ವಾರ ಡ್ಯಾಮ್ ತೆಗೆಯುತ್ತೇನೆ ಎಂದು ಗೆಳೆಯರೊಂದಿಗೆ ನಿರಾಯಾಸವಾಗಿ ಮಾತಾಡುತ್ತಿರುತ್ತೇವೆ. ಕೇಳಿದವರು ಏನು ತಿಳಿದಾರು ಎಂಬ ಪ್ರಜ್ಞೆ ಇರುವುದಿಲ್ಲ.

ಗಂಗಾವತಿಯಲ್ಲಿ ನನ್ನ ತಂಗಿಯ ಮನೆಯಿದೆ. ಅಲ್ಲಿಗೆ ಹೋದಾಗ ಅವಳ ಗಂಡನ ಸ್ಕೂಟರ್ ಕೇಳಿ ತೆಗೆದುಕೊಂಡು ಸುತ್ತುವುದು ರೂಢಿ. ಎರಡು ವರ್ಷದ ಹಿಂದೆ ಹಾಗೆ ಸುತ್ತುತ್ತ ಸಿದ್ದಾಪುರದ ಗದ್ದೆಗಳ ನಡುವಿನ ಒಂದು ಒಳದಾರಿ ಹಿಡಿದೆ. ದಾರಿಯ ಕೊನೆಗೆ ಒಂದು ಹಳ್ಳ, ಹಳ್ಳಕ್ಕೆ ಒಂದು ಕಲ್ಲಿನ ಸೇತುವೆ, ಆಚೆಗೆ ಮೂವತ್ತು ನಲವತ್ತು ಮನೆಗಳ ಒಂದು ಸಣ್ಣ ಊರು. ನಿಜಾಮನ ಕಾಲದ ಸೇತುವೆಯಂತೆ. ಊರವರು ಅದನ್ನು ಮೂರು ಕಣ್ಣಿನ ಪೂಲು ಎನ್ನುತ್ತಾರೆ. ಸೇತುವೆಗೆ ನಮ್ಮಲ್ಲಿ ಪೂಲು, ನೀರು ಹಾಯುವ ಕಮಾನಿಗೆ ಕಣ್ಣು ಎನ್ನುತ್ತೇವಷ್ಟೆ. ಊರ ಕಡೆಗೆ ಒಂದು ಕಣ್ಣು, ನಡುವೆ ಒಂದು, ಸಿದ್ದಾಪುರದ ಕಡೆಗೆ ಒಂದು. ಎಷ್ಟು ಪುಟ್ಟದು ಎಂದರೆ ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಆದರೆ ಹಳ್ಳದಲ್ಲಿ ಇಳಿದು ನೋಡಿದೆ, ಮೂರೂ ಕಣ್ಣು ನೀರಿನಲ್ಲಿ ತಮ್ಮ ನೆರಳಿನೊಂದಿಗೆ ಕೂಡಿ ಪೂರ್ತಿ ದುಂಡಗಾಗಿದ್ದವು. ಆನೆಗೊಂದಿಯ ಕಂಬಗಳ ಮುಂದೆ ನಿಂತಾಗ ಆದದ್ದೇ ಈ ಅಂಗೈಯಗಲದ ಸೇತುವೆಯ ಮುಂದೆಯೂ ಆಯಿತು.

ಊರ ಕಡೆಯ ದಂಡೆಯಲ್ಲಿ, ಹಳ್ಳ ಹರಿದು ಬರುವ ಮೇಲಿನ ಬದಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಅದರ ಮೇಲಿನ ನೀರುಗುಳ್ಳೆ ನೋಡಿ ಮಟ್ಟ ಹಿಡಿಯುತ್ತಿದ್ದೆ. ತಲೆಗೆ ಟೊಪ್ಪಿಗೆ, ಹೆಗಲಿಗೆ ಖಾಕಿ ಬಣ್ಣದ ಚೀಲ. ಹುಲ್ಲಿನ ಹೊರೆ ಹೊತ್ತು ಬಂದ ಐವತ್ತರ ಹೆಂಗಸೊಬ್ಬಳು ನಿಂತಳು. ಹನುಮವ್ವ ಎಂದು ಹೆಸರು, ಆಮೇಲೆ ತಿಳಿಯಿತು.

“ಏನ್ ಮಾಡಾಕತ್ತೀರಿ ಸರ?” ಎಂದು ಕೇಳಿದಳು.

ನಾನು ಕಣ್ಣು ಕೀಳದೆ ಹೇಳಿದೆ: “ಈ ಪೂಲ್ ತಗಿಯೂದೈತವ್ವಾ. ಇವತ್ತ ಆಗಂಗಿಲ್ಲ, ಬೆಳಕು ಸಾಲಂಗಿಲ್ಲ. ನಾಡದ ಬಂದು ತಗೀತೀನಿ. ಮೊದಲ ಆ ಸಿದ್ದಾಪುರದ ಕಡೆ ಕಣ್ಣು ತಗೀತೀನಿ, ಉಳದದ್ದು ಆಮ್ಯಾಲೆ.”

ಅವಳು ಹೊರೆಯನ್ನು ಸರಿಮಾಡಿಕೊಂಡಳು. ಊರಾಗ ಯಾರಿಗರೆ ಹೇಳೀರೇನ್ರಿ ಎಂದು ಕೇಳಿದಳು. ಹೇಳುವುದೇನಿದೆ, ಅರ್ಧ ತಾಸಿನ ಕೆಲಸ ಎಂದೆ ನಾನು. ಈಗ ನೆನೆಸಿಕೊಂಡರೆ ಕೆನ್ನೆಗೆ ಎರಡು ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೂರನೆಯ ದಿನ ಹೊತ್ತು ಇಳಿಯುವ ಮುಂಚೆ ಹೋದೆ. ಸೇತುವೆಯ ಮೇಲೆ ಊರಿಗೆ ಊರೇ ಕೂತಿತ್ತು. ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು, ಗಂಡಸರು ಕಟ್ಟೆಗೆ ಒರಗಿ ಬೀಡಿ ಸೇದುತ್ತಿದ್ದರು, ಯಾರೋ ಎಮ್ಮೆಯೊಂದನ್ನೂ ನಡುವೆ ತಂದು ನಿಲ್ಲಿಸಿದ್ದರು. ಒಬ್ಬಾಕೆ ಮಂಡಕ್ಕಿ ಹಂಚುತ್ತಿದ್ದಳು. ಇವತ್ತು ಏನೋ ಹುಣ್ಣಿಮೆಯೋ ಅಮಾವಾಸ್ಯೆಯೋ ಇರಬೇಕು, ಪೂಜೆಗೆ ಬಂದಿದ್ದಾರೆ ಎಂದುಕೊಂಡೆ. ನನ್ನ ಚೌಕಟ್ಟು ಕೆಟ್ಟಿತಲ್ಲ ಎಂದು ಒಳಗೊಳಗೇ ಕುದಿದೆ. ಆದರೂ ಸಭ್ಯಸ್ಥನಂತೆ ಕೆಳಗೆ ಇಳಿದು ಸ್ಟ್ಯಾಂಡ್ ಬಿಚ್ಚಿ ಕಾದೆ. ಇವರು ಎದ್ದುಹೋಗಲಿ ಎಂದು ನಾನು, ನಾನು ಎದ್ದುಹೋಗಲಿ ಎಂದು ಅವರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಮುಕ್ಕಾಲು ತಾಸು ಕಳೆದೆವು. ಬೆಳಕು ಹಣ್ಣಾಗುತ್ತ ಬಂತು.

ಆಗ ಬಿಳಿಯ ಟೊಪ್ಪಿಗೆಯ ಮುದುಕರೊಬ್ಬರು ಕಲ್ಲು ಹಿಡಿದು ಹಿಡಿದು ದಂಡೆ ಇಳಿದು ನನ್ನ ಹತ್ತಿರ ಬಂದರು. ಎಪ್ಪತ್ತು ದಾಟಿದ ವಯಸ್ಸು, ಒಣಗಿದ ದೇಹ, ಆದರೆ ಅಂಗೈ ಮಾತ್ರ ಹಲಗೆಯಷ್ಟು ಅಗಲ. ಹನುಮವ್ವ ಅವರ ಹಿಂದೆ ನಿಂತಳು. ಮುದುಕರು ಕೈ ಮುಗಿಯಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಒಂದು ಲೆಕ್ಕ ಒಪ್ಪಿಸುವವರಂತೆ ಮಾತಾಡಿದರು.

“ಸರ, ಇಡೀ ಪೂಲ್ ಯಾಕ ತಗೀತೀರಿ? ಸಿದ್ದಾಪುರದ ಕಡೆ ಕಣ್ಣು ಕೆಟ್ಟೈತಿ ಅಂದ್ರ ಅದೊಂದ ತಗೀರಿ. ಅದು ನಾ ಕಟ್ಟಿದ್ದು. ಉಳದ ಎರಡೂ ಹಿರೇರು ಕಟ್ಟಿದ್ದು, ಅವಕ್ಕ ಏನೂ ಆಗಿಲ್ಲ. ಅವನ್ನ ಮುಟ್ಟಬ್ಯಾಡ್ರಿ.”

ನನಗೆ ತಲೆಬುಡ ತಿಳಿಯಲಿಲ್ಲ. ಅವರ ಮುಖ ನೋಡಿದೆ, ಸೇತುವೆಯ ಮೇಲಿನ ಮಂದಿಯನ್ನು ನೋಡಿದೆ, ನನ್ನ ಮೂರು ಕಾಲಿನ ಸ್ಟ್ಯಾಂಡನ್ನು ನೋಡಿದೆ. ಆಮೇಲೆ ನಾನೇ ಆಡಿದ ಮಾತು ಒಂದೊಂದಾಗಿ ನನ್ನ ಕಿವಿಗೆ ವಾಪಸು ಬಂತು. ಅಳತೆಯ ಯಂತ್ರ ತಂದ ಸರ್ಕಾರದ ಮನುಷ್ಯ, ನಾಡಿದ್ದು ಬಂದು ಪೂಲು ತೆಗೆಯುತ್ತೇನೆ, ಅರ್ಧ ತಾಸಿನ ಕೆಲಸ ಎಂದು ಹೇಳಿಹೋಗಿದ್ದಾನೆ. ಪೂಲು ಹೋದರೆ ಆ ಊರಿಗೆ ಸಾಲಿಯೂ ಇಲ್ಲ, ದವಾಖಾನೆಯೂ ಇಲ್ಲ, ಮಳೆಗಾಲದಲ್ಲಿ ಹೊರಗೆ ಬರುವ ದಾರಿಯೇ ಇಲ್ಲ. ಕೂಗಾಡದೆ, ಕಲ್ಲು ತೂರದೆ, ಅವರು ಎಲ್ಲರೂ ಬಂದು ಅದರ ಮೇಲೆ ಕೂತಿದ್ದರು. ನನ್ನ ಕಿವಿ ಬಿಸಿಯಾಯಿತು.

ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ, ಫೋಟೊ ತೆಗೆಯಲು ಬಂದವನು, ಬರಿಯ ಫೋಟೊ ಎಂದು ಮೂರು ಸಲ ಹೇಳಿದೆ. ಬೇರೆ ಸೇತುವೆಗಳ ಚಿತ್ರಗಳನ್ನು ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಹನುಮವ್ವ ಬಗ್ಗಿ ನೋಡಿ, ನೆಟ್ಟಗೆ ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮಾಸ್ತರಂತ, ಫೋಟೊ ಅನ್ನೂ ಒಂದ ಮಾತು ಆಡಾಕ ಬಾಯಾಗ ಏನಿಟ್ಗೊಂಡಿದ್ರಿ?” ಎಂದಳು.

ಸೇತುವೆಯ ಮೇಲಿನವರಿಗೆ ಸುದ್ದಿ ಮುಟ್ಟಿತು. ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ನಮ್ಮನ್ನೂ ತೆಗೆದುಬಿಡ್ರಿ ಎಂದು ಒಬ್ಬ ಅಜ್ಜಿ ಮೇಲಿಂದ ಹೇಳಿದಳು, ನಗು ಇನ್ನೂ ಜೋರಾಯಿತು. ನನಗೂ ಮಂಡಕ್ಕಿ ಬಂತು. ಆದರೆ ಯಾರೂ ಎದ್ದು ಹೋಗಲಿಲ್ಲ, ಇಷ್ಟು ದಿನಕ್ಕೆ ಎಲ್ಲರೂ ಒಟ್ಟಿಗೆ ಕೂತದ್ದು ಅವರಿಗೇ ಹಿಡಿಸಿದಂತೆ ಇತ್ತು.

ಮುದುಕರು ಮಾತ್ರ ನಗಲಿಲ್ಲ. ಒಂದು ಬಂಡೆಯ ಮೇಲೆ ಕೂತು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ಅವರೇ ಖಾಸಿಂಸಾಬರು, ಆ ಭಾಗದ ಹಳೆಯ ಗೌಂಡಿ. ಗಂಗಾವತಿ, ಸಿದ್ದಾಪುರದ ಕಡೆ ಅವರು ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟಿದ ಮನೆಗಳು ಬೇಕಾದಷ್ಟು. ಕಮಾನು ಕಟ್ಟಿದ್ದು ಜೀವಮಾನದಲ್ಲಿ ಒಂದೇ, ಅದು ಇದು. ಎಷ್ಟೋ ವರ್ಷದ ಹಿಂದೆ ಒಂದು ಮಳೆಗಾಲ ಹಳ್ಳ ಮೈದುಂಬಿ ಬಂದು ಸಿದ್ದಾಪುರದ ಕಡೆಯ ಕಣ್ಣನ್ನು ಕೆಡವಿ ಹೋಗಿತ್ತು. ರಿಪೇರಿಗೆ ಎರಡು ಮಳೆಗಾಲ ಕಾದರೂ ಯಾರೂ ಬರಲಿಲ್ಲ. ಕೊನೆಗೆ ಊರವರು ಖಾಸಿಂಸಾಬರ ಮನೆಗೆ ಬಂದರು, ಕಲ್ಲು ಬೆಸೆಯುವ ಸುಣ್ಣದ ಗಚ್ಚು ಅರೆಯುವುದನ್ನು ಉಸ್ತಾದರ ಹತ್ತಿರ ಕಲಿತವರು ಅವರೊಬ್ಬರೇ ಉಳಿದಿದ್ದರು.

ಕಮಾನು ಕಟ್ಟುವುದು ಹೇಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲವಂತೆ. ನಾಲ್ಕು ದಿನ ನಡುವಿನ ಕಣ್ಣಿನ ಕೆ‌ಳಗೆ ಅಂಗಾತ ಮಲಗಿ ಮೇಲಿನ ಕಲ್ಲುಗಳನ್ನು ಎಣಿಸುತ್ತ, ಯಾವುದು ಯಾವುದಕ್ಕೆ ಹೆಗಲು ಕೊಟ್ಟಿದೆ ಎಂದು ಕಲಿತರು. ಹಳ್ಳದ ಉಸುಕಿನಲ್ಲಿ ಹೂತಿದ್ದ ಹಳೆಯ ಕಲ್ಲುಗಳನ್ನು ಊರವರು ಅಗೆದು ತಂದರು, ಸಿಗದಿದ್ದುದಕ್ಕೆ ಹೊಸ ಕಲ್ಲು ಕಡಿದರು. ಬೇಸಿಗೆಯ ಒಣ ಹಳ್ಳದಲ್ಲಿ ಉಸುಕಿನ ಚೀಲಗಳನ್ನು ಒಟ್ಟಿ, ಮೇಲೆ ಮಣ್ಣು ಮೆತ್ತಿ ದುಂಡಗೆ ಮಾಡಿ, ಆ ದಿಬ್ಬದ ಮೇಲೆ ಎರಡೂ ಕಡೆಯಿಂದ ಕಲ್ಲು ಏರಿಸುತ್ತ ಬಂದು ನಡುನೆತ್ತಿಗೆ ಕೀಲಿಕಲ್ಲು ಬಡಿದರು. ಸುಣ್ಣ ಹೇಗೆ ಅರಳಬೇಕು, ಬೆಲ್ಲದ ನೀರು ಎಷ್ಟು ಹಾಕಬೇಕು ಎಂದು ಖಾಸಿಂಸಾಬರು ನನಗೆ ಬಹಳ ಹೊತ್ತು ಹೇಳಿದರು. ಗಚ್ಚು ಗಟ್ಟಿಯಾದ ಮೇಲೆ ಕೆಳಗಿನ ಚೀಲಗಳನ್ನು ಎಳೆಯಬೇಕು. ಕಟ್ಟಿದವನು ಆಗ ಕಮಾನಿನ ಕೆಳಗೆ ನಿಂತಿರಬೇಕು, ಅದು ಅವರ ಉಸ್ತಾದರು ಹಾಕಿಕೊಟ್ಟ ಪದ್ಧತಿ.

“ಕಡೀ ಚೀಲ ಎಳದಾಗ ಒಂದ ಹಿಡಿ ಉಸುಕು ನನ್ನ ತೆಲಿ ಮ್ಯಾಲ ಬಿತ್ತು,” ಎಂದರು ಖಾಸಿಂಸಾಬರು. “ಮುಗೀತು ಅಂತ ಕಣ್ಣು ಮುಚ್ಚಿದೆ. ಕಣ್ಣು ತಗದ ನೋಡಿದ್ರ ನಿಂತಿತ್ತು.”

ಇಷ್ಟು ದಿನ ಸತ್ತುಹೋದವರ ಕೈಕೆಲಸದ ಮುಂದೆ ಬಾಯಿ ಕಳೆದು ನಿಂತವನಿಗೆ, ಬೆವರು ಒರೆಸಿಕೊಳ್ಳುತ್ತ ಪಕ್ಕದಲ್ಲೇ ಕೂತ ಒಬ್ಬ ಮನುಷ್ಯ ಸಿಕ್ಕಿದ್ದ. ಅವರ ಅಗಲವಾದ ಅಂಗೈಯನ್ನು ಇನ್ನೊಮ್ಮೆ ನೋಡಿದೆ. ನನಗೆ ಅವರ ಕಾಲು ಮುಟ್ಟಬೇಕು ಅನಿಸಿತು, ಸಂಕೋಚವಾಯಿತು, ಮುಟ್ಟಲಿಲ್ಲ.

ಆದರೆ ಅವರಿಗೆ ಆ ಕೆಲಸದಲ್ಲಿ ಸಂತೋಷವಿರಲಿಲ್ಲ. ಚೀಲ ಎಳೆದ ಮೇಲೆ ಕಮಾನು ಕೂತುಕೊಳ್ಳುವಾಗ ಒಂದು ಕಡೆಯ ಬಾಗು, ಅವರ ಮಾತಿನಲ್ಲಿ ಹೆಗಲು, ಒಂದು ಬೆರಳಿನಷ್ಟು ಇಳಿದಂತೆ ಅವರಿಗೆ ಕಂಡಿತಂತೆ. ಆಗ ನೋಡಲು ಬಂದವರಲ್ಲಿ ಯಾರೋ, ಹೊಸಾದು ಹೊಸಾದ ಕಾಣತೈತಿ, ಹಿರೇರ ಕೈ ಬರಂಗಿಲ್ಲ ಎಂದು ಆಡಿ ಹೋದರಂತೆ. ಅಂದಿನಿಂದ ಖಾಸಿಂಸಾಬರು ಆ ಕಣ್ಣನ್ನು ನೆಟ್ಟಗೆ ನೋಡಿದವರಲ್ಲ. ಶುಕ್ರವಾರದ ನಮಾಜಿಗೆ ಸಿದ್ದಾಪುರಕ್ಕೆ ಹೋಗುವಾಗಲೂ ತಲೆ ತಗ್ಗಿಸಿ ದಾಟುತ್ತಾರೆ. ಹನುಮವ್ವ ಬಂದು ಆ ಕಣ್ಣೇ ಮೊದಲು ತೆಗೆಯುತ್ತಾರಂತೆ ಎಂದು ಹೇಳಿದ ಕೂಡಲೇ, ಇಷ್ಟು ವರ್ಷಕ್ಕೆ ಸರ್ಕಾರಕ್ಕೂ ನನ್ನ ತಪ್ಪು ಕಂಡಿತು ಎಂದುಕೊಂಡರಂತೆ. ಎರಡು ದಿನ ಅವರು ಊಟ ಮಾಡಿರಲಿಲ್ಲ.

“ನೀವು ಡ್ರಾಯಿಂಗ್ ಮಾಸ್ತರು. ಖರೆ ಹೇಳ್ರಿ, ಎದ್ದು ಕಾಣತೈತಿಲ್ಲೋ?” ಎಂದು ಕೇಳಿದರು.

ನಾನು ಮೂರೂ ಕಣ್ಣುಗಳನ್ನು ನೋಡಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ, ಹಾಗೆಂದೇ ಹೇಳಿದೆ. ಖಾಸಿಂಸಾಬರು ಸಣ್ಣಗೆ ನಕ್ಕರು. ಮನೆಗೆ ಬಂದ ನೆಂಟರು ಸಾರು ಚೆನ್ನಾಗಿದೆ ಎಂದಾಗ ಮನೆಯವರು ನಗುತ್ತಾರಲ್ಲ, ಅಂಥ ನಗು. ನಂಬಲಿಲ್ಲ ಎಂದು ಗೊತ್ತಾಯಿತು.

ಬೆಳಕು ಹೋಗುತ್ತಿತ್ತು. ಸೇತುವೆಯಡಿಯಿಂದ ಹಾಯ್ದು ಕೆಳಗಿನ ಬದಿಗೆ ಹೋದೆ, ಮೊಣಕಾಲುದ್ದ ನೀರಿನಲ್ಲಿ ಸ್ಟ್ಯಾಂಡ್ ಊರಿ, ಜಾಲಿಮುಳ್ಳು ಚುಚ್ಚಿಸಿಕೊಂಡು ಒಂದೇ ಒಂದು ಚಿತ್ರ ತೆಗೆದೆ. ಮೂರು ಕಣ್ಣು, ಮೇಲೆ ಮಂದಿ, ನಡುವೆ ಎಮ್ಮೆ. ಪ್ರಿಂಟು ಹಾಕಿಸಿ ತಂದುಕೊಡುತ್ತೇನೆ ಎಂದು ಖಾಸಿಂಸಾಬರ ಕೈಹಿಡಿದು ಹೇಳಿ ಬಂದೆ.

ಕೊಡಲಿಲ್ಲ. ಮೊಣಕಾಲು ನೋವು ಎಂದೆ, ಬಿಸಿಲು ಎಂದೆ, ಮಳೆ ಎಂದೆ. ನಿಜ ಹೇಳಬೇಕೆಂದರೆ ಮನೆಗೆ ಬಂದು ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ್ದೆ. ಬಲಗಡೆಯ ಕಣ್ಣಿನ ಹೆಗಲು ಒಂದು ಬೆರಳು ಇಳಿದಿತ್ತು. ದಂಡೆಯಲ್ಲಿ ನನಗೆ ಕಾಣದ್ದು ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿತು. ನಾನು ಸ್ಟ್ಯಾಂಡ್ ಇಟ್ಟ ದಂಡೆಯಿಂದ ನೋಡಿದರೆ ಬಲಕ್ಕೆ ಇದ್ದದ್ದು ಸಿದ್ದಾಪುರದ ಕಡೆಯ ಕಣ್ಣು. ಅಂದರೆ ಖಾಸಿಂಸಾಬರು ಹೇಳಿದ್ದು ಖರೆ. ಅವರು ಇಷ್ಟು ವರ್ಷ ನೋಡದೆ ಬಿಟ್ಟದ್ದನ್ನು ಕಾಗದದ ಮೇಲೆ ಅಚ್ಚುಹಾಕಿ ಅವರ ಕೈಗೆ ಹೇಗೆ ಕೊಡುವುದು? ನಾಳೆ ನೋಡೋಣ ಎಂದು ಮುಚ್ಚಿಟ್ಟೆ. ಇಂಥ ನಾಳೆಗಳು ಎಷ್ಟು ಬೇಗ ಎರಡು ವರ್ಷವಾಗುತ್ತವೆ ಎಂಬುದು ನಿಮಗೂ ಗೊತ್ತು.

ಮೊನ್ನೆ ಸುಣ್ಣದ ವಾಸನೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಆ ಮನುಷ್ಯ ಇದ್ದಾರೋ ಇಲ್ಲವೋ ಎಂಬ ಹೆದರಿಕೆ ಹತ್ತಿತು. ಮರುದಿನವೇ ಗಂಗಾವತಿಗೆ ಹೋಗಿ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ಆ ಊರಿನ ದಾರಿ ಹಿಡಿದೆ. ಒಬ್ಬ ಮುದುಕರಿಗೆ ಅವರ ತಪ್ಪನ್ನು ತೋರಿಸಲು ಇಷ್ಟು ದೂರ ಬಂದೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಖಾಸಿಂಸಾಬರು ಇದ್ದರು. ಮನೆಯ ಮುಂದಿನ ಹೊರಸಿನ ಮೇಲೆ ಕೂತಿದ್ದರು, ಇನ್ನಷ್ಟು ಬಡಕಲಾಗಿದ್ದರು. ನನ್ನನ್ನು ಕೂಡಲೇ ಗುರುತಿಸಿ, “ಬರ್ರಿ ಪೂಲ್ ತಗಿಯೂ ಮಾಸ್ತರ,” ಎಂದರು. ಊರಲ್ಲಿ ನನಗೆ ಅದೇ ಹೆಸರು ಉಳಿದಿತ್ತು. ನಾನು ಪ್ರಿಂಟನ್ನು ಅವರ ಕೈಗೆ ಕೊಟ್ಟು ಅಂಗಳದ ಬೇವಿನ ಮರವನ್ನು ನೋಡುತ್ತ ನಿಂತೆ.

ಅವರು ಅದನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಬೆರಳು ಬಲಗಡೆಯ ಕಣ್ಣಿನ ಮೇಲೆ ಹೋಗಿ ನಿಂತಿತು.

“ಇಲ್ಲೈತಿ ನೋಡ್ರಿ. ಹೆಗಲು ಇಳದೈತಿ. ನಾ ಹೇಳಿದ್ದಿಲ್ಲ?” ಎಂದರು. ದನಿಯಲ್ಲಿ ದುಃಖವಿರಲಿಲ್ಲ, ಬಹಳ ದಿನದ ಸೋಲನ್ನು ಕೊನೆಗೂ ಒಪ್ಪಿಕೊಂಡ ಆಯಾಸವಿತ್ತು. ಪ್ರಿಂಟನ್ನು ಕಸಿದುಕೊಂಡು ಹೋಗಿಬಿಡೋಣವೆನಿಸಿತು.

ಅವರ ಬೆರಳು ಮಾತ್ರ ಅಲ್ಲಿಂದ ಕೆಳಗೆ ಇಳಿಯಿತು. ನೀರಿನ ಮೇಲೆ ನಿಂತಿತು. ಅಲ್ಲೇ ಬಹಳ ಹೊತ್ತು ಇತ್ತು.

“ನೀರು ನಮ್ಮ ಕಡೆ ಬರಾಕತ್ತೈತಿ,” ಎಂದರು ನಿಧಾನವಾಗಿ. “ಮಾಸ್ತರ, ನೀವು ಎಲ್ಲಿ ನಿಂತಿದ್ರಿ?”

ನನ್ನ ಕಾಲಿಗೆ ಚುಚ್ಚಿದ ಜಾಲಿಮುಳ್ಳು ಆಗ ನೆನಪಾಯಿತು. ಕೆಳಗಿನ ಬದಿಯಲ್ಲಿ, ಸೇತುವೆ ಹಾಯ್ದು ಹೋಗಿ ನಿಂತಿದ್ದೆ ಎಂದೆ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಆ ಬದಿಯಿಂದ ನೋಡಿದರೆ ಎಡಬಲ ಅದಲುಬದಲು. ಬಲಗಡೆ ಇರುವುದು ಊರ ಕಡೆಯ ಕಣ್ಣು, ಹಿರಿಯರು ಕಟ್ಟಿದ್ದು. ಖಾಸಿಂಸಾಬರದು ಎಡಗಡೆಯದು. ಎಷ್ಟೋ ವರ್ಷ ಡ್ರಾಯಿಂಗ್ ಹೇಳಿಕೊಟ್ಟವನಿಗೆ ಎರಡು ವರ್ಷ ಹೊಳೆಯದ್ದು ಅವರಿಗೆ ಹರಿಯುವ ನೀರಿನಿಂದ ಹೊಳೆದಿತ್ತು.

ಅವರು ಎಡಗಡೆಯ ಕಣ್ಣನ್ನು ನೋಡಿದರು. ಉಗುರಿನಿಂದ ಅದರ ಗೆರೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಎಳೆದರು. ಎಲ್ಲೂ ಉಗುರು ತಡೆಯಲಿಲ್ಲ. ಬಲಗಡೆಯದರ ಮೇಲೂ ಹಾಗೇ ಎಳೆದರು, ಇಳಿದ ಜಾಗದಲ್ಲಿ ನಿಲ್ಲಿಸಿದರು.

“ಹಿರೇರ್ದೂ ಇಳದೈತಿ,” ಎಂದರು. ಇನ್ನೊಮ್ಮೆ ಅದನ್ನೇ ಹೇಳಿದರು. ಕಣ್ಣು ತುಂಬಿ ಬಂತು, ಟೊಪ್ಪಿಗೆಯಿಂದ ಒರೆಸಿಕೊಂಡರು. ನನಗೂ ಬಂತು, ನನಗೆ ಒರೆಸಿಕೊಳ್ಳಲು ಟೊಪ್ಪಿಗೆ ಇರಲಿಲ್ಲ.

ಆಮೇಲೆ ಎದ್ದು ನಿಂತು ಕೈ ಚಾಚಿದರು. ಹೊತ್ತು ಮುಳುಗಲು ಇನ್ನೂ ಸ್ವಲ್ಪವಿತ್ತು. ನನ್ನ ಹೆಗಲು ಹಿಡಿದು ಹಳ್ಳದವರೆಗೆ ಬಂದರು, ದಂಡೆ ಇಳಿದರು, ಕೆಳಗಿನ ಬದಿಗೆ ಹೋದೆವು. ಈ ಸಲ ಅವರು ತಲೆ ತಗ್ಗಿಸಲಿಲ್ಲ. ತಮ್ಮ ಕಣ್ಣಿನ ಕೆಳಗೆ ಹೋಗಿ ನಿಂತು ಮುಖ ಮೇಲೆತ್ತಿ, ಒಂದೊಂದೇ ಕಲ್ಲನ್ನು ಹೆಸರು ಹಿಡಿದು ಕರೆಯುವವರಂತೆ ನೋಡತೊಡಗಿದರು. ನಾನು ಕ್ಯಾಮೆರಾ ತೆಗೆದು ಸ್ಟ್ಯಾಂಡ್ ಊರಿದೆ. ಸದ್ದು ಕೇಳಿ ಅವರು ತಿರುಗಿ, ಅಡ್ಡ ಬಂದೆನಲ್ಲ ಎಂದು ಮುಜುಗರದಿಂದ ಪಕ್ಕಕ್ಕೆ ಹೆಜ್ಜೆ ಇಟ್ಟರು.

“ಸರೀಬ್ಯಾಡ್ರಿ ಖಾಸಿಂಸಾಬ್ರ,” ಎಂದೆ. “ಅಲ್ಲೇ ನಿಂದರ್ರಿ.”